ನಿಮಗಿದು ಗೊತ್ತೇ? ಬಿದ್ದವರನ್ನು ಎತ್ತಿದವರ ಹೆಸರನ್ನು ಒತ್ತಾಯಿಸಿ ಕೇಳುವಂತಿಲ್ಲ!

ನಾಶಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಲಾಸಲಗಾಂವ್. ಈರುಳ್ಳಿಯ ದರ ಏರಿದರೂ ಇಳಿದರೂ ಮೊದಲು ಕೇಳಿಬರುವ ಹೆಸರು. 1947ರಿಂದ ಇರುವ ಇಲ್ಲಿನ ಮಾರುಕಟ್ಟೆ ಸಮಿತಿಯ ಅಂಗಳಕ್ಕೆ ಸುಗ್ಗಿಯ ದಿನಗಳಲ್ಲಿ ಟ್ರಾಕ್ಟರ್ ಟ್ರಾಲಿಗಳ ಸಾಲು ಬೆಳಗಾಗುವ ಮೊದಲೇ ಹತ್ತಿರುತ್ತದೆ. ವಿಂಚೂರಿನ ಬಳಿ ನಾಶಿಕ್–ಛತ್ರಪತಿ ಸಂಭಾಜಿನಗರ ರಸ್ತೆ ಸಿಗುತ್ತದೆ. ಆ ರಸ್ತೆಯಲ್ಲಿ ಕತ್ತಲು ಹರಿಯುವ ಹೊತ್ತಿಗೆ ಒಂದು ಟ್ರಾಲಿ ಮಗುಚಿದೆ ಎಂದುಕೊಳ್ಳಿ. ಈರುಳ್ಳಿ ರಸ್ತೆ ತುಂಬ ಉರುಳಿದೆ. ಟ್ರಾಲಿಯ ಮೇಲೆ ಕೂತಿದ್ದ ರೈತ ಡಾಂಬರಿನ ಮೇಲೆ ಬಿದ್ದಿದ್ದಾನೆ, ತೊಡೆಯಿಂದ ರಕ್ತ ಸುರಿಯುತ್ತಿದೆ. ಹಿಂದೆ ಬರುತ್ತಿರುವುದು ವಿಜಯಪುರದ ಲಾರಿ. ಚಾಲಕ ಬ್ರೇಕಿನ ಮೇಲೆ ಕಾಲಿಟ್ಟಾಗ ಪಕ್ಕದ ಕ್ಲೀನರ್ ಹುಡುಗ ಹೇಳುತ್ತಾನೆ: "ಬ್ಯಾಡ ಅಣ್ಣಾ, ಮಂದಿ ಉಸಾಬರಿ ನಮಗ್ಯಾಕ? ಪೊಲೀಸ್ರು ಹಿಡ್ಕೊಂಡ್ರ ಊರಿಗೆ ಹೋಗೂದು ಯಾವಾಗ?"

ಆ ಹುಡುಗನ ಭಯ ಸುಳ್ಳಿನದಲ್ಲ. ಅವನ ಅಪ್ಪನ ಕಾಲದಲ್ಲಿ ಅದು ನಿಜವೇ ಆಗಿತ್ತು. ಈಗ ಕಾನೂನು ಬದಲಾಗಿದೆ, ಭಯ ಮಾತ್ರ ಹಳೆಯ ಜಾಗದಲ್ಲೇ ಕೂತಿದೆ. ಈ ವಾರದ ಅಂಕಣ ಆ ಹುಡುಗನಿಗೆ.

ಹೆಸರು ಹೇಳಬೇಕೇ? ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಹೊಸ ಕಲಂ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದ ವ್ಯಕ್ತಿ ತನ್ನ ಹೆಸರು, ವಿಳಾಸ, ಗುರುತು ಹೇಳಲೇಬೇಕೆಂದು ಪೊಲೀಸರಾಗಲಿ ಬೇರೆ ಯಾರೇ ಆಗಲಿ ಒತ್ತಾಯಿಸುವಂತಿಲ್ಲ. ತಾನಾಗಿ ಹೇಳಿದರೆ ಅದು ಅವನಿಷ್ಟ. ಧರ್ಮ, ಜಾತಿ, ಲಿಂಗ, ದೇಶ ಎಂದು ಭೇದ ಮಾಡದೆ ಅವನನ್ನು ಗೌರವದಿಂದ ಕಾಣಬೇಕು ಎಂದೂ ಅದೇ ನಿಯಮ ಹೇಳುತ್ತದೆ.

ಎತ್ತುವಾಗ ಹೆಚ್ಚುಕಮ್ಮಿಯಾದರೆ? 134ಎ ಕಲಮಿನ ತಿರುಳೇ ಇದು. ಒಳ್ಳೆಯ ಮನಸ್ಸಿನಿಂದ, ತಾನಾಗಿಯೇ ಮುಂದೆ ಬಂದು, ಪ್ರತಿಫಲದ ಆಸೆಯಿಲ್ಲದೆ ನೆರವಾದವರ ಕೈಯಲ್ಲಿ ತಪ್ಪು ನಡೆದು ಗಾಯಾಳುವಿಗೆ ಹಾನಿಯಾದರೂ, ಪ್ರಾಣವೇ ಹೋದರೂ ಅವರ ಮೇಲೆ ಸಿವಿಲ್ ಮೊಕದ್ದಮೆಯೂ ಇಲ್ಲ, ಕ್ರಿಮಿನಲ್ ಮೊಕದ್ದಮೆಯೂ ಇಲ್ಲ.

ಸಾಕ್ಷಿ ಹೇಳುವ ಮನಸ್ಸಿದ್ದರೆ? ಆಗಲೂ ಠಾಣೆಗೆ ಅಲೆಯಬೇಕಾಗಿಲ್ಲ. ನಿಮಗೆ ಅನುಕೂಲವಾದ ಹೊತ್ತಿಗೆ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ವಿಚಾರಿಸಬೇಕು. ಬರುವ ಅಧಿಕಾರಿ ಸಮವಸ್ತ್ರದಲ್ಲಿರದೆ ಸಾದಾ ಬಟ್ಟೆಯಲ್ಲಿ ಬರಬೇಕು. ಮಹಾರಾಷ್ಟ್ರದ ರಸ್ತೆಯಲ್ಲಿ ಓಡಾಡುವ ಕನ್ನಡದ ಚಾಲಕರಿಗೆ ಇನ್ನೊಂದು ಮುಖ್ಯ ಸಂಗತಿ: ನಿಮಗೆ ಮರಾಠಿ ಬಾರದಿದ್ದರೆ ದುಭಾಷಿಯನ್ನು ಒದಗಿಸುವುದು ತನಿಖಾಧಿಕಾರಿಯ ಹೊಣೆ.

ಆಸ್ಪತ್ರೆಯಲ್ಲಿ "ಮೊದಲು ದುಡ್ಡು ಕಟ್ಟಿ" ಎಂದರೆ? ಕರೆತಂದವರು ಗಾಯಾಳುವಿನ ಮನೆಯವರಲ್ಲದಿದ್ದರೆ ದಾಖಲಾತಿಯ ಹಣ ಕೇಳುವಂತಿಲ್ಲ, ಕೂರಿಸಿಕೊಳ್ಳುವಂತಿಲ್ಲ. ಹೀಗೆ ನೆರವಾಗುವ ಪರೋಪಕಾರಿಗಳ ಹಕ್ಕುಗಳನ್ನು ಬರೆದ ಫಲಕವನ್ನು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ಆಸ್ಪತ್ರೆಯೂ ಬಾಗಿಲಲ್ಲಿ ತೂಗುಹಾಕಬೇಕು. ಮುಂದಿನ ಸಲ ನಿಮ್ಮೂರಿನ ಆಸ್ಪತ್ರೆಗೆ ಹೋದಾಗ ಆ ಫಲಕ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಪರೋಪಕಾರಿಗಳ ರಕ್ಷಣೆಗೆ ಸ್ವಂತ ಕಾಯ್ದೆ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ! 2016ರಲ್ಲಿ ರೂಪುಗೊಂಡ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಆ 2016ರ ಫೆಬ್ರವರಿಯನ್ನು ನಾವು ಮರೆಯುವ ಹಾಗಿಲ್ಲ. ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ಎಂಬ ಯುವಕನಿಗೆ ನೆಲಮಂಗಲದ ಬಳಿ ಲಾರಿ ಬಡಿಯಿತು. ದೇಹ ಎರಡು ಭಾಗವಾಗಿತ್ತು. ಮಾತು ನಿಂತಿರಲಿಲ್ಲ. ನೆರವಿಗೆ ಅಂಗಲಾಚಿದರು, ತಮ್ಮ ಅಂಗಾಂಗಗಳನ್ನು ದಾನ ಮಾಡಿ ಎಂದರು. ಸುತ್ತ ಇದ್ದವರಲ್ಲಿ ಕೆಲವರ ಕೈಯಲ್ಲಿ ಮೊಬೈಲ್ ಇತ್ತು. ಜೀವ ಉಳಿಯಲಿಲ್ಲ, ಕಣ್ಣುಗಳು ಮಾತ್ರ ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ 'ಮುಖ್ಯಮಂತ್ರಿ ಸಾಂತ್ವನ ಹರೀಶ್' ಯೋಜನೆಯನ್ನು ತಂದಿತು. ಕರ್ನಾಟಕದ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕವರು ಯಾವ ರಾಜ್ಯದವರೇ ಇರಲಿ, ಯಾವ ದೇಶದವರೇ ಇರಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು. ನಾಶಿಕ್‌ನ ಚಾಲಕ ಹುಬ್ಬಳ್ಳಿಯ ಬಳಿ ಬಿದ್ದರೂ ಈ ನೆರವು ಅವನದು.

ಈ ರಕ್ಷಣೆಗೆ ಬಲ ಕೊಟ್ಟ ತೀರ್ಪಿನ ಪೀಠದಲ್ಲಿ ಕನ್ನಡಿಗರೊಬ್ಬರಿದ್ದರು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಪರೋಪಕಾರಿಗಳ ರಕ್ಷಣೆಯ ಮಾರ್ಗಸೂಚಿಗೆ ಇಡೀ ದೇಶದಲ್ಲಿ ಕಾನೂನಿನ ಬಲ ಕೊಟ್ಟಿತು. ಪೀಠದಲ್ಲಿ ಕನ್ನಡಿಗರಾದ ನ್ಯಾಯಮೂರ್ತಿ ವಿ. ಗೋಪಾಲಗೌಡ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ ಇದ್ದರು. ಮೊಕದ್ದಮೆ ಹೂಡಿದ್ದು ಸೇವ್‌ಲೈಫ್ ಫೌಂಡೇಶನ್. ಅದನ್ನು ಕಟ್ಟಿದ ಪೀಯೂಷ್ ತಿವಾರಿ ಅವರ ಸೋದರ ಸಂಬಂಧಿಯಾದ ಹುಡುಗನೊಬ್ಬ ದೆಹಲಿಯ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕಿ, ನೆರವಿಗೆ ಯಾರೂ ಬಾರದೆ ತೀರಿಕೊಂಡಿದ್ದ.

ಇಪ್ಪತ್ತು ಕಿಲೋಮೀಟರ್! ಸ್ಕೂಟರ್ ಸವಾರನೊಬ್ಬನಿಗೆ ಕಾರು ಬಡಿಯಿತು. ದಾರಿಹೋಕರು ಹತ್ತಿರದ ಆಸ್ಪತ್ರೆಗೆ ಒಯ್ದರು. ಇದು ಪೊಲೀಸ್ ಕೇಸು, ನಾವು ಮುಟ್ಟುವುದಿಲ್ಲ, ಇಪ್ಪತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಹೋಗಿ ಎಂದರು ಅಲ್ಲಿನ ವೈದ್ಯರು. ದಾರಿಯಲ್ಲೇ ಪ್ರಾಣ ಹೋಯಿತು. ಪತ್ರಿಕೆಯಲ್ಲಿ ಬಂದ ಈ ವರದಿಯನ್ನು ಹಿಡಿದು ಪರಮಾನಂದ ಕಟಾರಾ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. 1989ರ ತೀರ್ಪು ಹೇಳಿತು: ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ. ಸಂವಿಧಾನದ 21ನೇ ವಿಧಿಯಂತೆ ಇದು ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಒಂದೇ.

ಕುದುರೆ ಮತ್ತು ಹುಲಿ. ಪ್ರಜ್ಞೆ ಇಲ್ಲದವರನ್ನು ಅವರ ಒಪ್ಪಿಗೆಯಿಲ್ಲದೆ ಮುಟ್ಟಬಹುದೇ? 1860ರ ಭಾರತೀಯ ದಂಡ ಸಂಹಿತೆಯ 92ನೇ ಕಲಂ ಇದಕ್ಕೆ ಕೊಟ್ಟಿದ್ದ ಉದಾಹರಣೆಗಳಲ್ಲಿ ಎರಡನ್ನು ನೋಡಿ. ಕುದುರೆಯಿಂದ ಬಿದ್ದು ಎಚ್ಚರ ತಪ್ಪಿದವನಿಗೆ ಶಸ್ತ್ರವೈದ್ಯ ಅವನ ಒಳಿತಿಗೆಂದು ತಲೆಬುರುಡೆ ಕೊರೆಯುವುದು. ಹುಲಿ ಹೊತ್ತೊಯ್ಯುತ್ತಿರುವವನನ್ನು ಉಳಿಸಲು, ಗುಂಡು ಅವನಿಗೇ ತಗಲಬಹುದೆಂದು ತಿಳಿದೂ ಹುಲಿಗೆ ಗುರಿಯಿಟ್ಟು ಹೊಡೆಯುವುದು. ಎರಡೂ ಅಪರಾಧವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ತತ್ವ 30ನೇ ಕಲಮಾಗಿ ಉಳಿದಿದೆ.

ಇದು ಬಹಳ ಮುಖ್ಯ. ಯಾಕೆಂದರೆ 134ಎ ಕಲಂ ಮೋಟಾರು ವಾಹನದ ಅಪಘಾತಕ್ಕೆ ಮಾತ್ರ ಸಲ್ಲುತ್ತದೆ. ಹರಾಜಿನ ನಡುವೆ ಎದೆ ಹಿಡಿದುಕೊಂಡು ಕುಸಿದ ಹಮಾಲನಿಗೆ, ಬಿಸಿಲಿನ ಝಳಕ್ಕೆ ತಲೆ ತಿರುಗಿ ಬಿದ್ದ ರೈತನಿಗೆ ಕೈ ಹಾಕುವವರನ್ನು ಕಾಯುವುದು ಈ ಹಳೆಯ ತತ್ವವೇ. ಆದರೆ ಒಂದು ಷರತ್ತು ಇದೆ: ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದನ್ನು ಸದ್ಭಾವನೆಯಿಂದ ಮಾಡಿದ್ದು ಎಂದು ಕಾನೂನು ಒಪ್ಪುವುದಿಲ್ಲ. ಗೊತ್ತಿಲ್ಲದ ಚಿಕಿತ್ಸೆಯ ಪ್ರಯೋಗ ಬೇಡ.

ಎಚ್ಚರವಿರುವವರು "ಬೇಡ" ಎಂದರೆ? ಬೇಡ ಎಂದೇ ಅರ್ಥ. "ನಾನು ಸಹಾಯ ಮಾಡಲಾ ಅಣ್ಣಾ?" ಎಂದು ಕೇಳಿ ಮುಟ್ಟಬೇಕು. ಒಪ್ಪದಿದ್ದರೆ ಆಂಬುಲೆನ್ಸ್ ಕರೆದು ಹತ್ತಿರದಲ್ಲೇ ಇರಿ. ಎಷ್ಟೋ ಸಲ ಅವರೇ ಎಚ್ಚರ ತಪ್ಪುತ್ತಾರೆ, ಆಗ 30ನೇ ಕಲಂ ನಿಮ್ಮ ಜೊತೆಗಿರುತ್ತದೆ. ಹೆಣ್ಣುಮಕ್ಕಳಾದರೆ ಜೊತೆಗೆ ಇನ್ನೊಬ್ಬ ಹೆಂಗಸನ್ನು ಕರೆಯಿರಿ, ಸರಿದ ಬಟ್ಟೆಯನ್ನು ಮೊದಲು ಮುಚ್ಚಿ. ಹೆಂಗಸರು ಯಾರೂ ಸಿಗಲಿಲ್ಲವೆಂದು ರಕ್ತ ಹರಿಯಲು ಬಿಟ್ಟು ನಿಲ್ಲಬೇಡಿ.

ನಿಲ್ಲದೆ ಮುಂದೆ ಹೋದರೆ ಅಪರಾಧವೇ? ಜರ್ಮನಿ, ಫ್ರಾನ್ಸ್‌ಗಳಲ್ಲಿ ಹೌದು. ಕೈಲಾದ ನೆರವನ್ನು ಕೊಡದೆ ಹೋದರೆ ಅಲ್ಲಿ ಶಿಕ್ಷೆಯುಂಟು. ಜರ್ಮನಿಯಲ್ಲಿ ಪ್ರಥಮ ಚಿಕಿತ್ಸೆ ಕಲಿಯದೆ ಚಾಲನಾ ಪರವಾನಗಿಯೇ ಸಿಗುವುದಿಲ್ಲ. ನಮ್ಮಲ್ಲಿ ದಾರಿಹೋಕನ ಮೇಲೆ ಅಂಥ ಸಾಮಾನ್ಯ ಹೊಣೆ ಇಲ್ಲ. ನನ್ನ ಮಟ್ಟಿಗೆ ಇದು ಸರಿಯಾದ ದಾರಿ. ಪೊಲೀಸರಿಗೆ ಹೆದರಿ ಓಡುತ್ತಿದ್ದವರನ್ನು ಇನ್ನೊಂದು ಶಿಕ್ಷೆಯ ಹೆದರಿಕೆ ತೋರಿಸಿ ನಿಲ್ಲಿಸಲಾಗದು.

ಅಪಘಾತದಲ್ಲಿ ಭಾಗಿಯಾದ ವಾಹನದ ಚಾಲಕನಿಗೆ ಈ ವಿನಾಯಿತಿ ಇಲ್ಲ. ತಪ್ಪು ಯಾರದೇ ಇರಲಿ, ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೋ ಆಸ್ಪತ್ರೆಗೋ ಸೇರಿಸುವುದು 134ನೇ ಕಲಮಿನಂತೆ ಅವನ ಕರ್ತವ್ಯ. ಗುಂಪು ಸೇರಿ ಹೊಡೆಯಲು ಬರುವಂಥ ಕೈಮೀರಿದ ಸ್ಥಿತಿ ಇದ್ದರೆ ವಿನಾಯಿತಿಯುಂಟು. 'ಗುಂಪಿನ ಆಕ್ರೋಶ' ಎಂಬ ಮಾತು ಕಾಯ್ದೆಯೊಳಗೇ ಇದೆ. ಚಾಲಕನಿಗೆ ಹೊಡೆಯಲು ಎತ್ತಿದ ಕೈ ಗಾಯಾಳುವಿಗೆ ಸಿಗಬೇಕಾದ ಮೊದಲ ವಾಹನವನ್ನೇ ಓಡಿಸಿಬಿಡುತ್ತದೆ, ಇದನ್ನು ಯೋಚಿಸಿ. ಅಜಾಗರೂಕವಾಗಿ ಗುದ್ದಿ ಸಾವಿಗೆ ಕಾರಣರಾದವರು ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಸಜೆ ಎನ್ನುವ ನ್ಯಾಯ ಸಂಹಿತೆಯ 106(2)ನೇ ಉಪಕಲಂ ವಿರುದ್ಧ ಲಾರಿ ಚಾಲಕರು 2024ರ ಜನವರಿಯಲ್ಲಿ ಮುಷ್ಕರ ಹೂಡಿದರು. ಸಂಹಿತೆ ಜಾರಿಯಾದ ದಿನ ಅದೊಂದನ್ನು ತಡೆಹಿಡಿಯಲಾಯಿತು.

ಈಗ ಆ ರೈತನ ಬಳಿಗೆ ಬನ್ನಿ. ವಿಜಯಪುರದ ಲಾರಿ ನಿಂತಿದೆ. ಚಾಲಕ ಮೊದಲು ಲಾರಿಯನ್ನು ಟ್ರಾಲಿಯ ಹಿಂದೆ ಅಡ್ಡಲಾಗಿ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕುತ್ತಾನೆ. ಕ್ಲೀನರ್ ಟಾರ್ಚ್ ಹಿಡಿದು ಹಿಂದಕ್ಕೆ ನಡೆದು ಬರುವ ಗಾಡಿಗಳಿಗೆ ಸನ್ನೆ ಮಾಡುತ್ತಾನೆ. ಕತ್ತಲಲ್ಲಿ ಎರಡನೆಯ ಅಪಘಾತ ಕಾದು ಕೂತಿರುತ್ತದೆ. ಇದೇ ನಾಶಿಕ್ ರಸ್ತೆಯಲ್ಲಿ 2022ರ ಅಕ್ಟೋಬರ್ 8ರ ನಸುಕಿನಲ್ಲಿ ಖಾಸಗಿ ಬಸ್ಸೊಂದು ಲಾರಿಗೆ ಬಡಿದು ಹೊತ್ತಿ ಉರಿದು 12 ಜನ ತೀರಿಕೊಂಡಿದ್ದರು.

ಆಮೇಲೆ 108ಕ್ಕೋ 112ಕ್ಕೋ ಕರೆ. ಕೈಗೆ ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಸಾಕು. ಹೆಗಲ ಮೇಲಿನ ವಲ್ಲಿಯನ್ನು ಮಡಚಿ ತೊಡೆಯ ಗಾಯದ ಮೇಲಿಟ್ಟು ಅಂಗೈಯಿಂದ ಬಿಗಿಯಾಗಿ ಒತ್ತಬೇಕು. ನಡುನಡುವೆ ಎತ್ತಿ "ನಿಂತಿತೇ?" ಎಂದು ನೋಡಬಾರದು. ವಲ್ಲಿ ತೋಯ್ದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ. ಗಾಯದಲ್ಲಿ ಕಬ್ಬಿಣ ಚುಚ್ಚಿಕೊಂಡಿದ್ದರೆ ಕೀಳದೆ ಸುತ್ತಲೂ ಒತ್ತಿ ಹಿಡಿಯಬೇಕು. ಬೆಂಕಿ ಅಥವಾ ಇನ್ನಾವುದೇ ಅಪಾಯ ಇಲ್ಲದಿದ್ದರೆ ಕೈಕಾಲು ಹಿಡಿದು ಎಳೆಯುವುದು ಬೇಡ, ಮುರಿದ ಬೆನ್ನುಮೂಳೆ ಅಲುಗಿದರೆ ಜೀವಮಾನವಿಡೀ ಹಾಸಿಗೆ. ಬೈಕ್ ಸವಾರನಾದರೆ, ಉಸಿರಿಗೆ ತೊಂದರೆ ಆಗುತ್ತಿಲ್ಲವೆಂದರೆ, ಹೆಲ್ಮೆಟ್ ತೆಗೆಯಬೇಡಿ.

ನೀರು? ಬಿದ್ದವರ ಬಾಯಿಗೆ ನೀರು ಬಿಡುವುದು ನಮ್ಮ ಜನರ ಕರುಳಿನಿಂದ ಬಂದ ಅಭ್ಯಾಸ. ಆದರೆ ಎಚ್ಚರ ತಪ್ಪಿದವರ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸಬಹುದು. ತುಟಿಗೂ ತಾಕಿಸಬೇಡಿ.

ಉಸಿರೇ ಇಲ್ಲದಿದ್ದರೆ? ಎದೆಯ ನಡುಮಧ್ಯೆ ಎರಡೂ ಅಂಗೈ ಇಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ತರಬೇತಿ ಇಲ್ಲದವರು ಬಾಯಿಗೆ ಬಾಯಿಟ್ಟು ಊದಬೇಕಾಗಿಲ್ಲ. ಪಕ್ಕೆಲುಬು ಮುರಿದೀತೆಂದು ಅಂಜಿ ಮೆಲ್ಲಗೆ ಒತ್ತಿದರೆ ಪ್ರಯೋಜನವಿಲ್ಲ. ಪಕ್ಕೆಲುಬು ಕೂಡಿಕೊಳ್ಳುತ್ತದೆ.

ಮೂರ್ಛೆ ಬಂದವರಿಗೆ ಈರುಳ್ಳಿ ಮೂಸಿಸಿದರೆ? ಏನೂ ಪ್ರಯೋಜನವಿಲ್ಲ! ಈರುಳ್ಳಿಯ ರಾಜಧಾನಿಯಲ್ಲೂ ಇಲ್ಲ. ಕೈಗೆ ಬೀಗದಕೈ ತುರುಕುವುದು, ಹಲ್ಲಿನ ನಡುವೆ ಚಮಚ ಇಡುವುದು ಇನ್ನೂ ಕೆಟ್ಟದ್ದು. ಸುತ್ತಲಿನ ಕಲ್ಲು, ಕಬ್ಬಿಣ ಸರಿಸಿ, ತಲೆಯಡಿಗೆ ಮೆತ್ತನೆಯದೇನಾದರೂ ಕೊಟ್ಟು, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್.

ಹೊಲದಲ್ಲಿ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಮೂರೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಿಸದೆ ಆಸ್ಪತ್ರೆಗೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರ ಫೆಬ್ರವರಿಯಲ್ಲಿ ಆದೇಶಿಸಿತು.

ಚೆಲ್ಲಿದ ಈರುಳ್ಳಿ ಯಾರದು? ಇದನ್ನು ಬರೆಯಲೇಬೇಕು. ಲಾರಿ ಮಗುಚಿದ ಕಡೆ ಚೀಲ ಹಿಡಿದು ಓಡಿಬರುವ ಜನರನ್ನು ನಮ್ಮ ರಸ್ತೆಗಳಲ್ಲಿ ಎಷ್ಟು ಸಲ ಕಂಡಿಲ್ಲ? ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡವನ ನರಳಾಟ ಕೇಳುತ್ತಿರುತ್ತದೆ, ಹೊರಗೆ ಟೊಮೆಟೊ, ಮೀನು, ಈರುಳ್ಳಿ ಬುಟ್ಟಿ ಸೇರುತ್ತಿರುತ್ತವೆ. ರಸ್ತೆಗೆ ಬಿದ್ದ ಮಾತ್ರಕ್ಕೆ ಮಾಲು ಒಡೆಯನ ಕೈಬಿಡುವುದಿಲ್ಲ. ಎತ್ತಿಕೊಂಡರೆ ಕಳವು, ನ್ಯಾಯ ಸಂಹಿತೆಯ 303ನೇ ಕಲಂ. ಸತ್ತವರ ಮೈಮೇಲಿದ್ದ ಒಡವೆ, ಹಣ, ಮೊಬೈಲ್ ಲಪಟಾಯಿಸಿದರೆ 315ನೇ ಕಲಂ, ಮೂರು ವರ್ಷದವರೆಗೆ ಸಜೆ. ಆ ಟ್ರಾಲಿಯಲ್ಲಿದ್ದದ್ದು ರೈತನ ಇಡೀ ಹಂಗಾಮಿನ ದುಡಿಮೆ. ಗಾಯಾಳುವಿನ ಪರ್ಸು ನಿಮ್ಮ ಕೈಗೆ ಬಂದರೆ ಇಬ್ಬರ ಎದುರಿಗೆ ಎಣಿಸಿ, ಆಸ್ಪತ್ರೆಯಲ್ಲಿ ಒಪ್ಪಿಸಿ ಬರೆಸಿಕೊಳ್ಳಿ.

ಮೊಬೈಲ್ ಕರೆಗೆ ಇರಲಿ, ಚಿತ್ರೀಕರಣಕ್ಕೆ ಬೇಡ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಸವಾರ ಹುಡುಗನೊಬ್ಬ ರಕ್ತದ ಮಡುವಿನಲ್ಲಿ ಕೈ ಚಾಚುತ್ತಿದ್ದಾಗ ಸುತ್ತಲಿದ್ದವರು ವಿಡಿಯೊ ಮಾಡಿದರು. ಹುಡುಗ ಉಳಿಯಲಿಲ್ಲ. ಅಪಘಾತದ ಸ್ಥಳದ ಚಿತ್ರ ತನಿಖೆಗೆ ಬೇಕಾಗಬಹುದು, ಗಾಡಿಯ ಸಂಖ್ಯೆ, ಚಕ್ರದ ಗುರುತು. ಗಾಯಾಳುವಿನ ಮುಖ ಯಾರಿಗೂ ಬೇಕಾಗಿಲ್ಲ. ಮಗನ ಸುದ್ದಿಯನ್ನು ತಾಯಿ ವಾಟ್ಸ್ಆಪ್ ಗುಂಪಿನಲ್ಲಿ ನೋಡಿ ತಿಳಿಯುವಂತಾಗಬಾರದು.

25,000 ರೂಪಾಯಿ! ಗಂಭೀರ ಅಪಘಾತದ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ, ಅಂದರೆ 'ಗೋಲ್ಡನ್ ಅವರ್'ನಲ್ಲಿ, ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರದ 'ರಾಹ್-ವೀರ್' ಯೋಜನೆಯಲ್ಲಿ ಸಿಗುವ ಬಹುಮಾನ ಇದು. 2021ರಲ್ಲಿ ಶುರುವಾದಾಗ 5,000 ಇತ್ತು, 2025ರಲ್ಲಿ ಏರಿತು. ಆಸೆಪಟ್ಟು ಮಾಡಿದ್ದಲ್ಲವಾದರೂ ಸಿಕ್ಕಿದ್ದನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಲಾರಿ ಚಾಲಕನಿಗೆ ಅರ್ಧ ದಿನ ನಿಂತರೆ ಬಾಡಿಗೆ ಹೋಗುತ್ತದೆ.

ಗಾಯಾಳುವಿನ ಖರ್ಚಿಗೂ ದಾರಿಯಿದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ನಗದುರಹಿತ ಚಿಕಿತ್ಸಾ ಯೋಜನೆಯಂತೆ ದೇಶದ ಯಾವುದೇ ರಸ್ತೆಯಲ್ಲಿ ವಾಹನ ಅಪಘಾತವಾದರೂ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ತೀರಿಕೊಂಡವರು 1,68,491 ಜನ. ಅವರಲ್ಲಿ ಎಷ್ಟೋ ಮಂದಿಗೆ ದುಡ್ಡಿನ ಮಾತು ಮುಗಿಯುವವರೆಗೆ ಕಾಯುವಷ್ಟು ಆಯುಷ್ಯವಿರಲಿಲ್ಲ.

ಬಸ್ಸಿನಲ್ಲಿ ಯಾರಾದರೂ ಕುಸಿದರೆ ಮೊದಲು ಕಂಡಕ್ಟರನ್ನು ಕರೆಯಿರಿ. ಕರ್ನಾಟಕದಲ್ಲಿ ನಿರ್ವಾಹಕರ ಪರವಾನಗಿ ಪಡೆಯಲು ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಬೇಕು. ಟಿಕೆಟ್ ಹರಿಯುವ ಆ ಕೈ ಪಟ್ಟಿ ಕಟ್ಟುವುದನ್ನೂ ಕಲಿತಿದೆ.

ಮರಾಠಿ ಬಾರದಿದ್ದರೆ 108ಕ್ಕೆ ಹೇಗೆ ಹೇಳುವುದು? ನಿಮಗೆ ಬೇಕಾದ ಮಾತು ಆಗಲೇ ನಿಮ್ಮ ಬಾಯಲ್ಲಿದೆ. ಅಪಘಾತಕ್ಕೆ ಮರಾಠಿಯಲ್ಲೂ 'ಅಪಘಾತ'. ರಕ್ತಕ್ಕೆ 'ರಕ್ತ'. ನಮ್ಮ ದವಾಖಾನೆ ಅಲ್ಲಿ 'ದವಾಖಾನಾ'. ಗಾಯಗೊಂಡವರು 'ಜಖ್ಮಿ', ನಮ್ಮ ಜಖಂನ ಬಳಗದ ಮಾತು. ಆಂಬುಲೆನ್ಸ್ 'ರುಗ್ಣವಾಹಿಕಾ'. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಊರಿನ ಹೆಸರು ತಿಳಿಯದಿದ್ದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನತ್ತ ಟಾರ್ಚ್ ಬಿಡಿ. ಅದರ ಮೇಲೆ ನಾಶಿಕ್‌ಗೆ ಎಷ್ಟು ಎಂದು ಬರೆದಿರುತ್ತದೆ. ಆ ಅಂಕಿ ಓದಿ ಹೇಳಿ, ಫೋನ್ ಇಡಬೇಡಿ, ವಲ್ಲಿಯ ಮೇಲಿನ ಕೈ ತೆಗೆಯಬೇಡಿ.